ಕಿಡಿಯೊ ಮಾಡಲೊಂದು ಹೊಸ ಬಾಚಣಿಗೆ

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಮನೆಗೊಂದು ಹೊಸ ಬಾಚಣಿಗೆ ಬರುತ್ತಿತ್ತು. ಅದನ್ನು ತಲೆಗೆ ತಾಗಿಸಿದರೆ ಬೆನ್ನಿಗೆ ಏಟು ಗ್ಯಾರಂಟಿ. ಅದು ಇರುವುದು ಕಿಡಿಯೊ ಮಾಡಲಿಕ್ಕೆ. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಿದರೆ ಮೈತುಂಬ ಗೀರು ಬಿದ್ದು ಹುಳದ ಹಾಗೆ ಕಾಣುತ್ತದೆ. ಕೊಂಕಣಿಯಲ್ಲಿ ಕಿಡೊ ಅಂದರೆ ಹುಳವೇ. ಹೆಸರು ಕೇಳಿ ಮುಖ ಸಿಂಡರಿಸುತ್ತಿದ್ದ ಶಾಲೆಯ ಗೆಳತಿಯರು ಆಮೇಲೆ ಡಬ್ಬಿಯ ತಳದ ಸಕ್ಕರೆ ಪುಡಿಯನ್ನೂ ಬಿಡುತ್ತಿರಲಿಲ್ಲ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಮ್ಮೂರು. ಇಲ್ಲಿ ಕ್ರೈಸ್ತರು ನಿನ್ನೆ ಮೊನ್ನೆ ಬಂದವರಲ್ಲ. ಕುಂದಾಪುರದ ಹೋಲಿ ರೋಜರಿ ಚರ್ಚ್ ಶುರುವಾದದ್ದು 1570ರಲ್ಲಿ, ಪೋರ್ಚುಗೀಸರ ಕಾಲಕ್ಕೆ. ಮನೆಯೊಳಗೆ ಕೊಂಕಣಿ, ಗೇಟು ದಾಟಿದರೆ ಕುಂದಗನ್ನಡ. ಬ್ರಹ್ಮಾವರದ ಮಾವ್ಶಿಯ (ಚಿಕ್ಕಮ್ಮನ) ಗಂಡನ ಮನೆಯವರು ಆರ್ಥೊಡಾಕ್ಸ್ ಸಭೆಯವರು. 1880ರ ದಶಕದ ಕೊನೆಗೆ ಆಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಫಾದರ್ ನೊರೊನ್ಹಾ ಅವರ ಜೊತೆ ರೋಮಿನಿಂದ ಬೇರೆಯಾದವರು. ಆ ಕತೆಯೆಲ್ಲ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಚಿಕ್ಕವಳಿದ್ದಾಗ ಗೊತ್ತಿದ್ದದ್ದು ಒಂದೇ, ಮಾವ್ಶಿಯ ನೆವ್ರಿಯಲ್ಲಿ ನಮ್ಮ ಮನೆಯದಕ್ಕಿಂತ ಎಳ್ಳು ಜಾಸ್ತಿ!

ಹಬ್ಬದ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಕಿಡಿಯೊ, ನೆವ್ರಿ, ಅಕ್ಕಿಹಿಟ್ಟಿನ ಗುಳಿಯೊ, ತುಕ್ಕುಡಿ, ಚಕ್ಕುಲಿ, ಲಾಡು, ಗುಲಾಬಿ ಹೂವಿನ ಅಚ್ಚಿನದ್ದು. ಇವನ್ನು ತಟ್ಟೆಗೆ ತುಂಬಿ, ಕ್ರೋಶಾ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕೊಟ್ಟು ಬರುವುದು ಮಕ್ಕಳ ಕೆಲಸ. ನಮ್ಮದು ಹದಿನಾಲ್ಕು ತಟ್ಟೆ. ಕೊಟ್ಟ ತಟ್ಟೆ ಖಾಲಿ ಬರುವ ಕ್ರಮ ಇಲ್ಲ, ಒಂದು ಮುಷ್ಟಿ ಸಕ್ಕರೆಯಾದರೂ, ನಾಲ್ಕು ಬಾಳೆಹಣ್ಣಾದರೂ ಅದರಲ್ಲಿ ಇರುತ್ತಿತ್ತು.

2009ರಲ್ಲಿ ನಾನು ನಾಲ್ಕನೇ ಕ್ಲಾಸು. ಪಪ್ಪಾ ದುಬೈಯಲ್ಲಿ ಕಟ್ಟಡ ಕಂಪನಿಯೊಂದರ ಡ್ರೈವರ್. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಬ್ಯಾಂಕ್ ಮುಳುಗಿದ್ದಕ್ಕೆ ದುಬೈಯಲ್ಲಿ ಕ್ರೇನುಗಳು ನಿಂತವು ಎಂಬ ಲೆಕ್ಕ ನನಗೆ ಹೇಗೆ ತಿಳಿಯಬೇಕು? ಅಕ್ಟೋಬರಿನಲ್ಲಿ ಪಪ್ಪಾ ಒಂದೇ ಸೂಟ್‌ಕೇಸ್ ಹಿಡಿದು ಬಂದರು. ಚಾಕೊಲೇಟ್ ಇರಲಿಲ್ಲ. ಮೂರು ವರ್ಷದ ನಂತರ ಹಬ್ಬಕ್ಕೆ ಪಪ್ಪಾ ಮನೆಯಲ್ಲಿದ್ದಾರೆ ಎಂದು ಖುಷಿ, ಹೊಸ ಫ್ರಾಕ್ ಇಲ್ಲ ಎಂದು ಸಿಟ್ಟು. ಎರಡೂ ಒಟ್ಟಿಗೇ ಇದ್ದವು. ಪೇಟೆಯಿಂದ ನಕ್ಷತ್ರ ತರುವ ಬದಲು ಪಪ್ಪಾ ಅಂಗಳದಲ್ಲಿ ಕೂತು ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ತಾವೇ ಮಾಡಿದರು. ಒಂದು ಕಾಲು ಗಿಡ್ಡವಾಗಿತ್ತು. ನಾನು ಅದನ್ನು ದೊಡ್ಡ ಸ್ವರದಲ್ಲೇ ಹೇಳಿದೆ. ಅವರು ನಕ್ಕರು, ಏನೂ ಹೇಳಲಿಲ್ಲ. ಗೋದಲಿಗೆ ಹಸಿರು ಗದ್ದೆ ಬೇಕಲ್ಲ, ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದ್ದೆವು. ಅದಕ್ಕೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ದೂ ಆ ವರ್ಷ ಅವರೇ.

ಮಾಂಯ್ "ಈ ಸಲ ನಾಲ್ಕೇ ಬಗೆ" ಅಂದುಬಿಟ್ಟಳು. ನೆವ್ರಿಗೆ ಕಾಯಿ, ಬೆಲ್ಲ, ತುಪ್ಪ ಎಲ್ಲ ಬೇಕು. ಅದು ಪಕ್ಕದ ಮನೆ ಅಕ್ಕನಿಗೆ ಹೇಗೆ ತಿಳಿಯಿತೋ, ಹಬ್ಬಕ್ಕೆ ಮೂರು ದಿನ ಇರುವಾಗ ಹೆಡಿಗೆಯಲ್ಲಿ ಆರು ಸುಲಿದ ಕಾಯಿ, ಬೆಲ್ಲದ ಅಚ್ಚು ತಂದಿಟ್ಟರು. ಮಾಂಯ್ ಬೇಡ ಎಂದಳು.

"ನಮ್ಮನಿ ಮರದ್ ಕಾಯಿ ಮರಾಯ್ತಿ, ದುಡ್ ಕೊಟ್ ತಂದದ್ದಲ್ಲ. ನಂಗೆ ನೆವ್ರಿ ಬೇಕ್ ಕಾಣ್" ಅಂದು ಹೊರಟೇಬಿಟ್ಟರು. ಬೆಲ್ಲ ಯಾವ ಮರದಲ್ಲಿ ಬಿಡುತ್ತದೆ ಎಂದು ಯಾರೂ ಕೇಳಲಿಲ್ಲ.

ನೆವ್ರಿ ಆಯಿತು. ಆದರೂ ತಟ್ಟೆ ಅರ್ಧವೇ ತುಂಬಿತ್ತು. ಹದಿನಾಲ್ಕು ಮನೆಗೆ ಆ ತಟ್ಟೆ ಹಿಡಿದು ಹೋಗಲು ನಾಚಿಕೆಯಾಗಿ ನಾನು ಹೊಟ್ಟೆನೋವು ಎಂದು ಮಲಗಿದೆ. ಪಪ್ಪಾ ತಟ್ಟೆಗಳನ್ನೆತ್ತಿಕೊಂಡು ತಾವೇ ಹೊರಟರು. ಕಿಟಕಿಯಿಂದ ನೋಡಿದೆ. ದುಬೈಯಿಂದ ಬಂದಾಗಲೆಲ್ಲ ಇಸ್ತ್ರಿ ಅಂಗಿ ಹಾಕಿ ಸೆಂಟ್ ಪೂಸಿ ಊರು ಸುತ್ತುತ್ತಿದ್ದ ಮನುಷ್ಯ ಅಂದು ಲುಂಗಿ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಗದ್ದೆಯ ಅಂಚಿನಲ್ಲಿ ಜಾಗ್ರತೆಯಾಗಿ ನಡೆಯುತ್ತಿದ್ದರು. ಹೊಟ್ಟೆನೋವು ಸುಳ್ಳೆಂದು ಅವರಿಗೆ ಗೊತ್ತಿತ್ತು ಅನಿಸುತ್ತದೆ. ಈವರೆಗೂ ಕೇಳಿಲ್ಲ.

ಕಳೆದ ವರ್ಷ ನಾನೂ ಇನ್ನೊಂದು ಸುಳ್ಳು ಹೇಳಿದೆ. ಬೆಂಗಳೂರಿನಲ್ಲಿ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆಗೆ ಹೇಳಿರಲಿಲ್ಲ. ಬರಿಗೈಯಲ್ಲಿ ಹಬ್ಬಕ್ಕೆ ಹೋಗುವುದು ಹೇಗೆ? "ರಜೆ ಸಿಗಲಿಲ್ಲ ಮಾಂಯ್" ಅಂದೆ. ರಾತ್ರಿ ಬಸ್ಸಿನಲ್ಲಿ ಬಿಸ್ಕತ್ತಿನ ಡಬ್ಬಿ ಬಂತು. ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ತಂದು ಪಿಜಿಯಲ್ಲಿ ಬಿಚ್ಚಿದರೆ ಮೇಲೆ ಪಪ್ಪಾನ ಅಕ್ಷರದ ಚೀಟಿ: ರೂಮಿನವರಿಗೂ ಕೊಡು. ಆಗ ಅತ್ತೆ. ಸಂಜೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಪಪ್ಪಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ನಿಮಗೆ ಹೇಳಲು ಎರಡು ತಿಂಗಳು ಬೇಕಾಯಿತು" ಎಂದರು.

ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿ ಬಂದಿದ್ದೇನೆ. 23ರ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿದ್ದೇನೆ, ಸದ್ಯ ವೇಟಿಂಗ್ ಲಿಸ್ಟ್ 41. ಬರುವಾಗ ಏನು ತರಲಿ ಎಂದು ಕೇಳಿದ್ದಕ್ಕೆ ಮಾಂಯ್, "ಕಿಡಿಯೊ ನೀನು ಬಂದ ಮೇಲೇ. ಒಂದು ಬಾಚಣಿಗೆ ತಾ, ಹಲ್ಲು ಸಣ್ಣದಿರಲಿ" ಎಂದಿದ್ದಾಳೆ.