ಮನೆಯ ಡಯಾಲಿಸಿಸ್ ಮತ್ತು ಅಪರೂಪದ ಸೋಂಕುಗಳು

ಮೂತ್ರಪಿಂಡಗಳು ವಿಫಲವಾದವರೆಲ್ಲರೂ ವಾರಕ್ಕೆ ಎರಡು ಮೂರು ಬಾರಿ ಆಸ್ಪತ್ರೆಯ ಯಂತ್ರವನ್ನು ಆಶ್ರಯಿಸಲೇಬೇಕೆಂದಿಲ್ಲ. ಮನೆಯಲ್ಲಿಯೇ ನಡೆಸಬಹುದಾದ ಪೆರಿಟೋನಿಯಲ್ ಡಯಾಲಿಸಿಸ್ ಎಂಬ ಕ್ರಮವೂ ಉಂಟು. ಅಮೆರಿಕದಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ 1976ರಲ್ಲಿ ರೂಪಿಸಿದ ಈ ನಿರಂತರ ವಿಧಾನವು ಭಾರತದಲ್ಲಿ 1991ರಿಂದ ಬಳಕೆಗೆ ಬಂದಿತು. ಹೊಟ್ಟೆಯಲ್ಲಿ ಅಳವಡಿಸಿದ ಮೃದುವಾದ ನಳಿಕೆಯ ಮೂಲಕ ಸುಮಾರು 2 ಲೀಟರ್ ದ್ರಾವಣವನ್ನು ಒಳಬಿಟ್ಟು, ಕೆಲವು ಗಂಟೆಗಳ ತರುವಾಯ ಹೊರತೆಗೆಯಲಾಗುತ್ತದೆ. ಈ ಅವಧಿಯಲ್ಲಿ ಉದರದ ಒಳಪೊರೆಯು ಜರಡಿಯಂತೆ ರಕ್ತದ ಕಲ್ಮಶಗಳನ್ನು ಸೋಸಿ ದ್ರಾವಣಕ್ಕೆ ಸೇರಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ ಮೂರು ನಾಲ್ಕು ಬಾರಿ ಚೀಲ ಬದಲಿಸಬೇಕು.

ಕಲಬುರಗಿ, ಬೀದರ, ರಾಯಚೂರುಗಳಿಂದ ಚಿಕಿತ್ಸೆಗೆಂದು ಹೈದರಾಬಾದಿಗೆ ಬಂದು, ದಿಲ್‌ಸುಖ್‌ನಗರದಂಥ ಬಡಾವಣೆಗಳ ಬಂಧುಗಳ ಮನೆಯಲ್ಲಿ ತಂಗುವ ಕನ್ನಡಿಗರಿಗೆ ಇದು ಅನುಕೂಲಕರವೇ ಸರಿ. ಆದರೆ ನಳಿಕೆಯನ್ನು ಪ್ರತಿ ಬಾರಿ ಜೋಡಿಸುವಾಗಲೂ ರೋಗಾಣು ಒಳಸೇರುವ ಅಪಾಯವಿದೆ. ಹಾಗೆ ಸೇರಿ ಉದರಪೊರೆಯಲ್ಲಿ ಉಂಟಾಗುವ ಉರಿಯೂತವೇ ಪೆರಿಟೋನೈಟಿಸ್.

ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ನಮ್ಮ ಚರ್ಮದ ಮೇಲೆಯೇ ಇರುವ ಸ್ಟ್ಯಾಫಿಲೊಕಾಕಸ್ ಬಗೆಯ ಬ್ಯಾಕ್ಟೀರಿಯಗಳು. ಅಪರೂಪದ ರೋಗಾಣುಗಳೂ ಇಲ್ಲದಿಲ್ಲ. ಸಾಕಿದ ಬೆಕ್ಕು ನಳಿಕೆಯನ್ನು ಕಚ್ಚಿದ್ದರಿಂದ, ಅದರ ಬಾಯಲ್ಲಿನ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯ ಹೊಟ್ಟೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ನೀರಿನಲ್ಲಿಯೂ ಮಣ್ಣಿನಲ್ಲಿಯೂ ವಾಸಿಸುವ ಕೆಲವು ಮೈಕೋಬ್ಯಾಕ್ಟೀರಿಯಗಳು ಸಾಮಾನ್ಯ ಔಷಧಿಗಳಿಗೆ ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಕ್ಷಯದ ಸಾಧ್ಯತೆಯನ್ನೂ ಮರೆಯಲಾಗದು. ಎಲ್ಲಕ್ಕಿಂತ ಭಯಾನಕವಾದುದು ಕ್ಯಾಂಡಿಡಾ ಮುಂತಾದ ಶಿಲೀಂಧ್ರಗಳ ಸೋಂಕು. ಪ್ರತಿಜೈವಿಕ ಔಷಧಿಗಳನ್ನು ಸೇವಿಸಿದ ಬೆನ್ನಲ್ಲೇ ಇದು ತಲೆಯೆತ್ತುವುದುಂಟು. ಆಗ ನಳಿಕೆಯನ್ನು ಕೂಡಲೇ ತೆಗೆಯದಿದ್ದರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಹೊರಬಂದ ದ್ರಾವಣವನ್ನು ಪ್ರತಿ ಬಾರಿಯೂ ಬೆಳಕಿಗೆ ಹಿಡಿದು ನೋಡಬೇಕು. ಚೀಲದ ಮೂಲಕ ಅಚ್ಚಿನ ಅಕ್ಷರ ಕಾಣದಷ್ಟು ಅದು ಮಸುಕಾಗಿದ್ದರೆ, ಹೊಟ್ಟೆನೋವಿಗಾಗಿಯಾಗಲಿ ಜ್ವರಕ್ಕಾಗಿಯಾಗಲಿ ಕಾಯದೆ, ಅದೇ ಚೀಲವನ್ನು ಚೆಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಯಾವ ರೋಗಾಣುವೆಂದು ಪ್ರಯೋಗಶಾಲೆಯು ಪತ್ತೆಹಚ್ಚುವುದು ಆ ದ್ರಾವಣದಿಂದಲೇ. ಅಂಗಡಿಯಿಂದ ತಂದ ಮಾತ್ರೆಯನ್ನು ತಾವಾಗಿಯೇ ನುಂಗಿದರೆ ಈ ಪತ್ತೆಕಾರ್ಯ ಕೆಡುವುದಲ್ಲದೆ ಶಿಲೀಂಧ್ರಕ್ಕೂ ದಾರಿಯಾದೀತು.

ಚೀಲ ಬದಲಿಸುವ ಮುನ್ನ ಬಾಯಿಮೂಗುಗಳಿಗೆ ಮುಸುಕು ಕಟ್ಟಿಕೊಂಡು, ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ, ಸಾಬೂನಿನಿಂದ ಕೈ ತೊಳೆದು ಒಣಗಿಸಿಕೊಳ್ಳುವುದು ಅಗತ್ಯ. ಸಾಕುಪ್ರಾಣಿಗೆ ಆ ಕೋಣೆಯಲ್ಲಿ ಪ್ರವೇಶ ಸಲ್ಲದು. ಪ್ರತಿ ಬದಲಾವಣೆಯ ವೇಳೆ, ದ್ರಾವಣದ ಪ್ರಮಾಣ ಮತ್ತು ಬಣ್ಣಗಳನ್ನು ರೋಕಡ ಪುಸ್ತಕದಷ್ಟೇ ಶಿಸ್ತಿನಿಂದ ಬರೆದಿಟ್ಟರೆ ವೈದ್ಯರಿಗೂ ನೆರವಾಗುತ್ತದೆ. ಊರಿಗೆ ಮರಳುವ ಮುನ್ನ, ತುರ್ತು ಸಮಯದಲ್ಲಿ ಯಾವ ಆಸ್ಪತ್ರೆಗೆ ಧಾವಿಸಬೇಕೆಂಬುದನ್ನು ವೈದ್ಯರಿಂದ ತಿಳಿದುಕೊಂಡಿರುವುದು ರೋಗಿಗೂ ಮನೆಯವರಿಗೂ ಕ್ಷೇಮ.