ಯಂತ್ರದ ಕಣ್ಣು, ಯಂತ್ರದ ಕೈ

ಕಲಬುರಗಿ ಸೀಮೆಯು ತೊಗರಿಯ ಕಣಜವೆಂಬುದು ವಾಚಕರಿಗೆ ತಿಳಿದುದೇ ಆಗಿದೆ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶವೇ ಮೊದಲಾದ ಕಡೆಗಳ ದಾಲ್ ಮಿಲ್ಲುಗಳಲ್ಲಿ ಈ ತೊಗರಿಯು ಬೇಳೆಯಾಗಿ ಹೊರಬರುತ್ತದೆ. ಒಡೆದ ಬೇಳೆಯನ್ನು ಹಸನು ಮಾಡುವುದು ಹಿಂದೆ ಹೆಣ್ಣಾಳುಗಳ ಕೆಲಸ. ಕರಿಕಾಳು, ಸಿಪ್ಪೆ ಬಿಡದ ಬೇಳೆ, ಹರಳು ಇವನ್ನು ಅವರು ಬೆರಳಿನಿಂದ ಹೆಕ್ಕುತ್ತಿದ್ದರು. ಅದನ್ನೀಗ ಕ್ಯಾಮೆರಾ ಕೂಡಿಸಿದ ಯಂತ್ರವು ಮಾಡತೊಡಗಿದೆ. ಮಿಲ್ಲಿನವರು ಅದನ್ನು ‘ಸಾರ್ಟೆಕ್ಸ್’ ಎನ್ನುವರು. ಅದು ಒಂದು ಕಂಪನಿಯ ಹೆಸರಾದರೂ ಯಾರು ಮಾಡಿದ ಯಂತ್ರಕ್ಕೂ ಅದೇ ಹೆಸರು ಅಂಟಿಕೊಂಡಿದೆ.

ಹೆಕ್ಕುವವಳ ಕಣ್ಣೂ ಬೆರಳೂ ಒಂದೇ ದೇಹದವು. ಯಂತ್ರದಲ್ಲಾದರೋ ನೋಡುವುದು ಒಂದು ಕಡೆ, ಹೆಕ್ಕುವುದು ಇನ್ನೊಂದು ಕಡೆ. ಇಳಿಜಾರಾದ ತಗಡಿನಿಂದ ಬೇಳೆಯು ತೆಳುವಾದ ತೆರೆಯಂತೆ ಉದುರುವಾಗ ಕ್ಯಾಮೆರಾ ಅದನ್ನು ಒಂದೊಂದೇ ಗೆರೆಯಾಗಿ ಓದುತ್ತದೆ. ಬಣ್ಣಗೆಟ್ಟ ಕಾಳು ಕಂಡೊಡನೆ ಕೆಳಗಿನ ಸಣ್ಣ ಕವಾಟವೊಂದು ತೆರೆದು, ಒತ್ತಡದ ಗಾಳಿಯು ಆ ಕಾಳನ್ನು ಪಕ್ಕಕ್ಕೆ ಹಾರಿಸುತ್ತದೆ.

ಕಾಳು ಸೆಕೆಂಡಿಗೆ 3 ಮೀಟರು ವೇಗದಲ್ಲಿ ಬೀಳುತ್ತಿದೆ, ಕ್ಯಾಮೆರಾ ನೋಡುವ ಗೆರೆಗೂ ಗಾಳಿಯ ಬಾಯಿಗೂ ನಡುವೆ 9 ಸೆಂಟಿಮೀಟರು ಅಂತರವಿದೆ ಎಂದಿಟ್ಟುಕೊಳ್ಳೋಣ. ಆಗ ಗಾಳಿಯು 30 ಮಿಲಿಸೆಕೆಂಡು ಕಾದು ಊದಬೇಕು. ಈ ಲೆಕ್ಕದಲ್ಲಿ ಬರಿಯ 2 ಮಿಲಿಸೆಕೆಂಡು ತಪ್ಪಿತೆನ್ನಿ. ಕಾಳು ಅಷ್ಟರಲ್ಲಿ 6 ಮಿಲಿಮೀಟರು, ಎಂದರೆ ಹೆಚ್ಚು ಕಡಿಮೆ ತನ್ನ ಮೈಯುದ್ದದಷ್ಟು, ಸರಿದಿರುತ್ತದೆ. ಕರಿಕಾಳು ಮಾರುವ ಚೀಲಕ್ಕೂ ಅದರ ನೆರೆಯ ಒಳ್ಳೆಯ ಬೇಳೆ ಕಸದ ಚೀಲಕ್ಕೂ ಸೇರುತ್ತವೆ. ಎಷ್ಟೇ ಬೆಲೆಯ ಕ್ಯಾಮೆರಾ ಕೊಂಡರೂ ಈ ನಷ್ಟವು ನಿಲ್ಲದು.

ಇಲ್ಲಿ ಗುರುತ್ವಾಕರ್ಷಣೆಯ ನೆರವಿದೆ. ಬೀಳುವ ವೇಗವು ದಿನಕ್ಕೊಂದು ಬಗೆಯಾಗಿ ಬದಲಾಗುವುದಿಲ್ಲ. ಸಾಗುಪಟ್ಟಿಯ ಮೇಲೆ ಬರುವ ವಸ್ತುವನ್ನು ರೋಬೋಟಿನ ತೋಳು ಎತ್ತಬೇಕಾದಲ್ಲಿ ಆ ಅನುಕೂಲವಿಲ್ಲ. ಪಟ್ಟಿ ನಿಧಾನವಾಗಬಹುದು, ನಿಲ್ಲಲೂಬಹುದು. ಆದುದರಿಂದ ಅಲ್ಲಿ ಕಾಲವನ್ನು ಬಿಟ್ಟು ದೂರವನ್ನೇ ಎಣಿಸುತ್ತಾರೆ: ಪಟ್ಟಿಗೆ ತಗುಲಿದ ಎನ್‌ಕೋಡರ್ ಚಕ್ರವು ಉರುಳಿದಂತೆಲ್ಲ ಮಿಡಿತಗಳನ್ನು ಕಳಿಸುತ್ತದೆ, ಚಿತ್ರ ತೆಗೆದ ಕ್ಷಣದ ಎಣಿಕೆಯನ್ನು ನಿಯಂತ್ರಕವು ಗುರುತಿಟ್ಟುಕೊಳ್ಳುತ್ತದೆ. ಅಳತೆಯ ಭಾಷೆಯೂ ಬೇರೆ. ಕ್ಯಾಮೆರಾ ಎಣಿಸುವುದು ಚಿತ್ರಬಿಂದುಗಳನ್ನು, ತೋಳು ಎಣಿಸುವುದು ಮಿಲಿಮೀಟರುಗಳನ್ನು. ಚುಕ್ಕೆಗಳ ಹಲಗೆಯೊಂದನ್ನು ಕ್ಯಾಮೆರಾಕ್ಕೆ ತೋರಿಸಿ, ಅವೇ ಚುಕ್ಕೆಗಳನ್ನು ತೋಳಿನ ತುದಿಯಿಂದ ಮುಟ್ಟಿಸಿದರೆ ಎರಡಕ್ಕೂ ಹೊಂದಾಣಿಕೆಯುಂಟಾಗುತ್ತದೆ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ದುಡಿಯತೊಡಗಿದ ‘ಯೂನಿಮೇಟ್’ ರೋಬೋಟಿಗೆ ಈ ತೊಡಕಿರಲಿಲ್ಲ. ಅದಕ್ಕೆ ಕಣ್ಣೇ ಇರಲಿಲ್ಲ!

ತಂತಿಯ ಜೋಡಣೆಯಲ್ಲಿ ಬೇಳೆಯ ಯಂತ್ರಕ್ಕೂ ರೋಬೋಟಿಗೂ ನಿಯಮ ಒಂದೇ. ಕ್ಯಾಮೆರಾದ ತಂತಿಯನ್ನು ಮೋಟಾರಿನ ತಂತಿಯೊಡನೆ ಒಂದೇ ಕೊಳವೆಯಲ್ಲಿ ಎಳೆಯಲಾಗದು. ಮೋಟಾರಿನ ವಿದ್ಯುತ್ ಗದ್ದಲದಿಂದ ಸುಳ್ಳು ಮಿಡಿತಗಳು ಹುಟ್ಟುತ್ತವೆ. ಸಂಕೇತ ಕಳಿಸುವ ಸಾಧನಗಳಲ್ಲಿ ಪ್ರವಾಹವನ್ನು ಹೊರಕ್ಕೆ ಕೊಡುವುದೊಂದು ಜಾತಿ, ಒಳಕ್ಕೆ ಎಳೆದುಕೊಳ್ಳುವುದು ಇನ್ನೊಂದು. ನಿಯಂತ್ರಕವು ಬಯಸುವ ಜಾತಿ ಯಾವುದೆಂದು ನೋಡದೆ ಕೂಡಿಸಿದರೆ, 24 ವೋಲ್ಟು ಸರಿಯಾಗಿದ್ದರೂ ಯಂತ್ರವು ಮೌನವಾಗಿ ಕುಳಿತಿರುತ್ತದೆ.

ಇಷ್ಟಾದ ಬಳಿಕ ಧೂಳಿನ ಕಾಟ. ತೊಗರಿಯ ಹೊಟ್ಟು ಗಾಜಿನ ಮೇಲೆ ಕೂತರೆ ಒಳ್ಳೆಯ ಬೇಳೆಯೂ ಮಸಕಾಗಿ ಕಾಣುವುದರಿಂದ, ಗಾಜನ್ನು ಆಗಾಗ ಒರಸುವ ಏರ್ಪಾಡನ್ನು ಯಂತ್ರದಲ್ಲಿಯೇ ಇಟ್ಟಿರುತ್ತಾರೆ. ಹೊಂದಿಸುವವನು ಪರೀಕ್ಷೆಗಾಗಿ ಮೊದಲು ನೋಡಬೇಕಾದುದು ಕಸದ ಚೀಲವನ್ನು. ಅದರಲ್ಲಿ ಒಳ್ಳೆಯ ಬೇಳೆಯೇ ಹೆಚ್ಚಾಗಿದ್ದರೆ ಗಾಜನ್ನು ಒರಸಿ, ಕ್ಯಾಮೆರಾವನ್ನು ದೂರುವ ಮೊದಲು ಆ 30 ಮಿಲಿಸೆಕೆಂಡಿನ ಲೆಕ್ಕವನ್ನು ಮತ್ತೊಮ್ಮೆ ಅಳೆಯುವುದು ಲೇಸು.