ಹೆಗಲು ಉಳುಕಿತೇ? ಜಗ್ಗಬೇಡಿ!

ಮಕ್ಕಳೇ, ಶಾಲೆಯಲ್ಲಿ ನಿಂಬೆ-ಚಮಚದ ಓಟ ಓಡಿದ್ದೀರಲ್ಲ? ಚಮಚ ಚಿಕ್ಕದು, ನಿಂಬೆಹಣ್ಣು ದೊಡ್ಡದು. ಸ್ವಲ್ಪ ಅತ್ತಿತ್ತ ಆದರೂ ಹಣ್ಣು ಕೆಳಗೆ! ನಮ್ಮ ಹೆಗಲಿನ ಕೀಲೂ ಹೆಚ್ಚುಕಡಿಮೆ ಹಾಗೆಯೇ. ತೋಳಿನ ಮೂಳೆಯ ದುಂಡು ತಲೆ ದೊಡ್ಡದು. ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈಯನ್ನು ಮೇಲೆ, ಕೆಳಗೆ, ಹಿಂದೆ, ಸುತ್ತಲೂ ತಿರುಗಿಸಬಹುದು. ಮೈಯಲ್ಲಿ ಇಷ್ಟು ಸಲೀಸಾಗಿ ತಿರುಗುವ ಕೀಲು ಇನ್ನೊಂದಿಲ್ಲ.

ಹಾಗಾದರೆ ನಿಂಬೆ ಬೀಳದಂತೆ ಹಿಡಿದಿರುವುದು ಯಾವುದು? ಮೂಳೆಗೆ ಮೂಳೆಯನ್ನು ಕಟ್ಟುವ ಗಟ್ಟಿ ಪಟ್ಟಿಗಳು, ಅಂದರೆ ಅಸ್ಥಿರಜ್ಜುಗಳು. ಜೊತೆಗೆ ಕೀಲನ್ನು ಅಪ್ಪಿಕೊಂಡ ನಾಲ್ಕು ಸ್ನಾಯುಗಳು. ರಜ್ಜು ಮಿತಿಮೀರಿ ಹಿಗ್ಗಿದರೆ ಅಥವಾ ಹರಿದರೆ ಅದೇ ಉಳುಕು. ಸ್ನಾಯು ಎಳೆದುಕೊಂಡರೂ ನೋವು ಹಾಗೆಯೇ ಇರುತ್ತದೆ; ಮನೆಯಲ್ಲಿ ಎರಡನ್ನೂ ಉಳುಕು ಎಂದೇ ಕರೆಯುತ್ತೇವೆ.

ಶಹಾಬಾದಿನಲ್ಲಿ ಪರಸಿ ಕಲ್ಲು ಎತ್ತುವವರು, ಸೇಡಂ, ಚಿತ್ತಾಪುರಗಳಲ್ಲಿ ತೊಗರಿ ಚೀಲ ಹೊರುವವರು, ವಾಡಿ ಜಂಕ್ಷನ್ನಿನಲ್ಲಿ ಭಾರದ ಪೆಟ್ಟಿಗೆಯನ್ನು ರೈಲಿಗೆ ಏರಿಸುವವರು, ಚಿಂಚೋಳಿ ಕಡೆ ಮರದ ಕೊಂಬೆಗೆ ಜೋತು ಬೀಳುವ ಹುಡುಗರು, ಯಾರ ಹೆಗಲಾದರೂ ಉಳುಕಬಹುದು. ಬಚ್ಚಲಲ್ಲಿ ಜಾರಿ, ಕೈಯೂರಿ ಬಿದ್ದರೂ ಸಾಕು.

ಆಗ ಮನೆಯಲ್ಲಿ ಮೊದಲು ಕೇಳುವ ಮಾತು: “ಎಣ್ಣಿ ಹಚ್ಚಿ ತಿಕ್ಕಿ, ಕೈ ಒಮ್ಮೆ ಜಗ್ಗಿದ್ರ ಸರಿ ಹೋಗ್ತದ.”

ದಯವಿಟ್ಟು ಜಗ್ಗಬೇಡಿ. ಹೊಸ ಪೆಟ್ಟನ್ನು ತಿಕ್ಕಿದರೆ ಒಳಗಿನ ಬಾವು ಹೆಚ್ಚುತ್ತದೆ. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ವಯಸ್ಸಾದವರ ಮೂಳೆ ಸವೆದಿರುತ್ತದೆ. ಹೀಗಾಗಿ ಮೊಮ್ಮಗನಿಗಾಗಲಿ ಮುತ್ಯಾನಿಗಾಗಲಿ, ಉಳುಕಿನಂತೆ ಕಂಡದ್ದು ಮೂಳೆ ಬಿರುಕೂ ಆಗಿರಬಹುದು. ಅದನ್ನು ಜಗ್ಗಿದರೆ ಬಿರುಕು ಸರಿದು, ನರಕ್ಕೋ ರಕ್ತನಾಳಕ್ಕೋ ಪೆಟ್ಟಾದೀತು.

ಮೊದಲ ಎರಡು-ಮೂರು ದಿನ ಹೀಗೆ ಮಾಡಿ. ಕೈಗೆ ವಿಶ್ರಾಂತಿ ಕೊಡಿ. ಟವೆಲ್ಲನ್ನು ಕೊರಳಿಗೆ ಜೋಳಿಗೆಯಂತೆ ಕಟ್ಟಿ, ಮೊಣಕೈ ಮಡಿಸಿ ಅದರಲ್ಲಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ ಇಡಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಮಂಜುಗಡ್ಡೆ ಇಲ್ಲದಿದ್ದರೆ ಮಣ್ಣಿನ ಕೊಡದ ತಣ್ಣೀರಲ್ಲಿ ಅದ್ದಿದ ಬಟ್ಟೆಯೂ ಆದೀತು. ಬಿಸಿ ಶಾಖ ಬೇಡ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ.

ನೋವು ಇಳಿದ ಮೇಲೆ ಕೈಯನ್ನು ಸುಮ್ಮನೆ ಕಟ್ಟಿಡುವುದೂ ತಪ್ಪು. ಬಹಳ ದಿನ ಅಲುಗಾಡಿಸದಿದ್ದರೆ ಕೀಲು ಬಿಗಿಯುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಈ ಭಯ ಹೆಚ್ಚು. ಒಂದು ಕೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಿ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಏರಿಸಿ. ನೋವಾದಲ್ಲಿ ನಿಲ್ಲಿಸಿ. ಸಣ್ಣ ಉಳುಕು ಎರಡು-ಮೂರು ವಾರದಲ್ಲಿ ಮಾಯುತ್ತದೆ.

ಹೆಗಲಿನ ಆಕಾರ ಕೆಟ್ಟಿದ್ದರೆ, ಬೆರಳು ಜೋಮುಗಟ್ಟಿದರೆ, ಕೈ ಎತ್ತಲು ಆಗದಿದ್ದರೆ ತಡಮಾಡದೆ ತಾಲೂಕು ಆಸ್ಪತ್ರೆಗೆ ಹೋಗಿ; ಎಕ್ಸ್‌ರೇ ನೋಡಿದರೆ ಮೂಳೆ ಮುರಿದಿದೆಯೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ಮಾತು ನೆನಪಿರಲಿ: ಪೆಟ್ಟು ಬೀಳದೆಯೇ ಅಜ್ಜನಿಗೋ ಅಜ್ಜಿಗೋ ಹೆಗಲು ನೋಯುತ್ತಿದ್ದು, ಎದೆ ಬಿಗಿತ, ಬೆವರು, ಏದುಸಿರೂ ಇದ್ದರೆ ಅದು ಉಳುಕಲ್ಲ, ಹೃದಯಾಘಾತ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಮಕ್ಕಳೇ, ನಿಮ್ಮ ಬ್ಯಾಗನ್ನೂ ಒಮ್ಮೆ ತೂಗಿ ನೋಡಿ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಅದು ನಿಮ್ಮ ತೂಕದ ಹತ್ತರಲ್ಲೊಂದು ಪಾಲು ಮೀರಬಾರದು. 30 ಕಿಲೋ ತೂಗುವವರಿಗೆ 3 ಕಿಲೋ ಸಾಕು. ಎರಡೂ ಪಟ್ಟಿ ಎರಡೂ ಹೆಗಲಿಗಿರಲಿ.

ಮುಂದೆ ಮನೆಯಲ್ಲಿ ಯಾರಾದರೂ “ಜಗ್ಗು” ಎಂದರೆ, ನೀವು ಓಡಿಹೋಗಿ ತಣ್ಣೀರ ಬಟ್ಟೆ ತನ್ನಿ.